ಜಾಝ್ ಪಿಯಾನೊಗೆ ಏಳೂ ಮೋಡ್‌ಗಳನ್ನು 12 ಕೀಗಳಲ್ಲಿ ಬಾಯಿಪಾಠ ಮಾಡಬೇಕಾ?

ಹನ್ನೆರಡು ಮೇಜರ್ ಸ್ಕೇಲ್‌ಗಳು ಕೈಗೆ ಕೂತಿವೆ, ಚಿಕ್ಕಂದಿನಲ್ಲಿ ಸ್ವಲ್ಪ ಕರ್ನಾಟಕ ಸಂಗೀತ ಕಲಿತಿದ್ದೇನೆ, ಈಗ ಜಾಝ್‌ಗಾಗಿ ಏಳು ಮೋಡ್‌ಗಳನ್ನು (ಮೇಜರ್ ಸ್ಕೇಲನ್ನೇ ಅದರ ಬೇರೆ ಬೇರೆ ಸ್ವರಗಳಿಂದ ಶುರು ಮಾಡಿದಾಗ ಸಿಗುವ ಸ್ಕೇಲ್‌ಗಳು) 12 ಕೀಗಳಲ್ಲಿ (ಹನ್ನೆರಡು ಆಧಾರ ಸ್ವರಗಳಿಂದ), ಅಂದರೆ 84 ಸ್ಕೇಲ್ ಕಲಿಯಬೇಕಾ ಅಂತ ಕೇಳಿದ್ದೀರಿ. ಬೇಡ. ಮೊದಲು ಏಳನ್ನು ಒಂದೇ ಷಡ್ಜದ ಮೇಲೆ ಕಿವಿಯಿಂದ ಕಲಿಯಿರಿ.

ಸಾಮಾನ್ಯವಾಗಿ ಏನು ಹೇಳಿಕೊಡುತ್ತಾರೆ? ಬಿಳಿ ಕೀಗಳನ್ನೇ ಡಿ ಇಂದ ನುಡಿಸಿದರೆ ಡೋರಿಯನ್, ಇ ಇಂದ ನುಡಿಸಿದರೆ ಫ್ರಿಜಿಯನ್ ಅಂತ. ನಮ್ಮ ಗ್ರಹಭೇದದ (ರಾಗದ ಬೇರೊಂದು ಸ್ವರವನ್ನು ಷಡ್ಜ ಮಾಡಿಕೊಳ್ಳುವುದು) ಲೆಕ್ಕವೇ ಅದು, ತಪ್ಪೇನಿಲ್ಲ. ಆದರೆ ಆಧಾರ ಶ್ರುತಿ ಇಲ್ಲದೆ ಸುಮ್ನೆ ಹಾಗೆ ಓಡಿಸಿದರೆ ಕಿವಿಗೆ ಸಿ ಮೇಜರೇ ಕೇಳುತ್ತಿರುತ್ತದೆ.

ಅದಕ್ಕೇ ಎಡಗೈಯಲ್ಲಿ ಸಿ ಮತ್ತು ಜಿ ಒತ್ತಿ ಹಿಡಿಯಿರಿ. ಪಿಯಾನೊ ನಾದ ಬೇಗ ಇಳಿಯುತ್ತದೆ, ಆಗಾಗ ಮತ್ತೆ ಒತ್ತಬೇಕು. ಬಲಗೈಯಲ್ಲಿ ಲಿಡಿಯನ್‌ನಿಂದ ಶುರು ಮಾಡಿ: ಸಿ, ಡಿ, ಇ, ಎಫ್ ಶಾರ್ಪ್, ಜಿ, ಎ, ಬಿ. ಇದು ಮೇಚಕಲ್ಯಾಣಿಯ ಸ್ವರಗಳು. ಮಧ್ಯಮ ಒಂದನ್ನು ಅರ್ಧ ಸ್ವರ ಇಳಿಸಿ, ಅಯೋನಿಯನ್ ಅಂದರೆ ಶಂಕರಾಭರಣ ಬಂತು. ನಿಷಾದ ಇಳಿಸಿ, ಮಿಕ್ಸೊಲಿಡಿಯನ್, ಹರಿಕಾಂಭೋಜಿ. ಗಾಂಧಾರವೂ ಇಳಿದರೆ ಡೋರಿಯನ್, ಖರಹರಪ್ರಿಯ. ಧೈವತ ಇಳಿದರೆ ಇಯೋಲಿಯನ್, ನಟಭೈರವಿ. ರಿಷಭ ಇಳಿದರೆ ಫ್ರಿಜಿಯನ್, ಹನುಮತೋಡಿ. ಕೊನೆಗೆ ಪಂಚಮವೂ ಇಳಿದರೆ ಲೋಕ್ರಿಯನ್. ಪಂಚಮವೇ ಇಲ್ಲದ್ದರಿಂದ ಅದಕ್ಕೆ ಕರ್ನಾಟಕ ಸಂಗೀತದ ಮೂಲ ರಾಗಗಳಾದ 72 ಮೇಳಕರ್ತಗಳಲ್ಲಿ ಜಾಗವಿಲ್ಲ. ಅದನ್ನು ನುಡಿಸುವಾಗ ಎಡಗೈಯ ಜಿ ಬಿಟ್ಟು ಸಿ ಮಾತ್ರ ಇಟ್ಟುಕೊಳ್ಳಿ.

ಒಂದೊಂದು ಸಲ ಒಂದೇ ಸ್ವರ ಬದಲಾಗುತ್ತದೆ, ಬಣ್ಣ ಹಂತಹಂತವಾಗಿ ಗಾಢವಾಗುತ್ತಾ ಹೋಗುತ್ತದೆ. ನನಗೆ ಮೋಡ್‌ಗಳು ನಿಜವಾಗಿ ಕೇಳಿಸತೊಡಗಿದ್ದು ಹೀಗೆ ನುಡಿಸಿದ ಮೇಲೆಯೇ. ಬದಲಾದ ಸ್ವರದ ಮೇಲೆ ಜಾಸ್ತಿ ಹೊತ್ತು ನಿಲ್ಲಿ. ಒಂದು ಮಾತು ನೆನಪಿರಲಿ: ಇಲ್ಲಿ ಹೊಂದುವುದು ಸ್ವರಸ್ಥಾನ ಮಾತ್ರ. ತೋಡಿಯ ಗಮಕ ಪಿಯಾನೊದಲ್ಲಿ ಬರುವುದಿಲ್ಲ, ಫ್ರಿಜಿಯನ್ ನುಡಿಸಿದರೆ ತೋಡಿ ರಾಗ ಆಗುವುದೂ ಇಲ್ಲ.

ಆದರೆ ಮೋಡ್ ಬಂದ ಮಾತ್ರಕ್ಕೆ ಜಾಝ್ ಬರುವುದಿಲ್ಲ. ಡಿ ಮೈನರ್ ಸೆವೆಂತ್, ಜಿ ಸೆವೆಂತ್, ಸಿ ಮೇಜರ್ ಸೆವೆಂತ್ ಎಂಬ ಟೂ-ಫೈವ್-ಒನ್ ನೋಡಿ, ಅಂದರೆ ಸ್ಕೇಲ್‌ನ ಎರಡು, ಐದು, ಒಂದನೇ ಸ್ವರಗಳ ಮೇಲೆ ಕಟ್ಟಿದ ಮೂರು ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು). ಡೋರಿಯನ್, ಮಿಕ್ಸೊಲಿಡಿಯನ್, ಅಯೋನಿಯನ್ ಅಂತ ಮೂರು ಹೆಸರು ಹೇಳಿದರೂ ಮೂರೂ ಬಿಳಿ ಕೀಗಳೇ ಅಲ್ವಾ? ಸ್ಕೇಲ್ ಓಡಿಸುತ್ತಿದ್ದರೆ ಕಾರ್ಡ್ ಬದಲಾದದ್ದು ಗೊತ್ತೇ ಆಗುವುದಿಲ್ಲ. ಅದನ್ನು ತೋರಿಸುವುದು ಪ್ರತಿ ಕಾರ್ಡ್‌ನ ಮೂರನೇ ಮತ್ತು ಏಳನೇ ಸ್ವರ. ಮೊದಲ ಕಾರ್ಡ್‌ನಲ್ಲಿ ಎಫ್ ಮತ್ತು ಸಿ. ಸಿ ಇಳಿದು ಬಿ ಆದರೆ ಜಿ ಸೆವೆಂತ್ ಸಿಕ್ಕಿತು, ಎಫ್ ಹಾಗೇ ಇರುತ್ತದೆ. ಆಮೇಲೆ ಆ ಎಫ್ ಇಳಿದು ಇ ಆಗುತ್ತದೆ, ಬಿ ಕದಲುವುದಿಲ್ಲ. 12 ಕೀಗಳಲ್ಲಿ ಸಾಧನೆ ಮಾಡಬೇಕಾದದ್ದು ಇದನ್ನು.

ಜಿ ಸೆವೆಂತ್ ಮೇಲೆ ಇಳಿಯುವಾಗ ಎಫ್ ಶಾರ್ಪನ್ನೂ ಸೇರಿಸಿ ನೋಡಿ: ಜಿ, ಎಫ್ ಶಾರ್ಪ್, ಎಫ್, ಇ, ಡಿ, ಸಿ, ಬಿ, ಎ. ಇದಕ್ಕೆ ಬೀಬಾಪ್ ಸ್ಕೇಲ್ ಅನ್ನುತ್ತಾರೆ. ಎಂಟು ಸ್ವರ ಆದ್ದರಿಂದ ಒಂದು ಬೀಟ್‌ಗೆ ಎರಡರಂತೆ ನುಡಿಸಿದರೆ ಬೀಟ್ ಮೇಲೆ ಬೀಳುವುದು ಜಿ, ಎಫ್, ಡಿ, ಬಿ. ನಾಲ್ಕೂ ಕಾರ್ಡ್‌ನ ಸ್ವರಗಳೇ! ಇದಕ್ಕೆ ಮೆಟ್ರೋನೋಮ್ ಬೇಕೇ ಬೇಕು, ನಿಧಾನವಾಗಿ.

ಮೋಡ್‌ಗಳನ್ನೇ ಹಾಡಿನಲ್ಲಿ ಬಳಸಲು ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಆಲ್ಬಮ್‌ನ 'ಸೋ ವಾಟ್' ತೆಗೆದುಕೊಳ್ಳಿ. ಡಿ ಡೋರಿಯನ್ 16 ಬಾರ್ (ತಾಳದ ಆವರ್ತ), ಇ ಫ್ಲಾಟ್ ಡೋರಿಯನ್ 8, ಮತ್ತೆ ಡಿ ಡೋರಿಯನ್ 8. ಅದರಲ್ಲಿ ಪಿಯಾನೊ ನುಡಿಸಿರುವವರು ಬಿಲ್ ಇವಾನ್ಸ್. ಅವರು ಎಷ್ಟು ಕಡಿಮೆ ಸ್ವರ ಒತ್ತುತ್ತಾರೆ, ಎಲ್ಲಿ ಬಿಡುತ್ತಾರೆ ಅಂತ ಕೇಳಿ. ಮೆಲೋಡಿಕ್ ಮೈನರ್‌ನ ಮೋಡ್‌ಗಳು ಇದು ಕೈಗೆ ಕೂತ ಮೇಲೆ ಸಾಕು. ಅಲ್ಲಿಗೆ ಅದೇ ಸ್ವರಗಳ ಗೌರಿಮನೋಹರಿಯಿಂದ ಹೊರಡಿ.