ಲಿನಕ್ಸ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್ ತಗೊಂಡರೆ ಒಳ್ಳೆಯದು?

ಉಬುಂಟು ಹಾಕಿದ ಡೆಸ್ಕ್‌ಟಾಪ್‌ಗೆ ಎಎಂಡಿನಾ, ಎನ್‌ವಿಡಿಯಾನಾ ಅಂತ ಕೇಳಿದ್ದೀರಿ. ಕ್ಯುಡಾ (ಮಷಿನ್ ಲರ್ನಿಂಗ್‌ನಂಥ ಲೆಕ್ಕಾಚಾರಗಳನ್ನು ಕಾರ್ಡ್ ಮೇಲೆ ಓಡಿಸುವ ಎನ್‌ವಿಡಿಯಾದ ಸಾಫ್ಟ್‌ವೇರ್) ಬೇಡ ಅಂದ್ರೆ ಕಣ್ಣು ಮುಚ್ಚಿಕೊಂಡು ಎಎಂಡಿ ತಗೊಳ್ಳಿ. ಅದರ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಇದೆ, ಗೇಮ್, ಆ್ಯಪ್‌ಗಳು ಚಿತ್ರ ಮೂಡಿಸಲು ಬಳಸುವ ಓಪನ್‌ಜಿಎಲ್, ವಲ್ಕನ್ ಎರಡನ್ನೂ ಉಬುಂಟು ಜೊತೆಗೇ ಬರುವ ಮೆಸಾ ಎಂಬ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ, ಹಾಗಾಗಿ ಕಾರ್ಡ್ ಸ್ಲಾಟ್‌ನಲ್ಲಿ ಕೂರಿಸಿ ಪವರ್ ಕೇಬಲ್ ಸಿಕ್ಕಿಸಿ ಆನ್ ಮಾಡಿದರೆ ಸಾಕು, ಸುಮ್ನೆ ಡ್ರೈವರ್ ಹುಡುಕಿಕೊಂಡು ಅಲೆಯಬೇಕಿಲ್ಲ. ಹೊಚ್ಚ ಹೊಸ ಮಾಡೆಲ್ ಆದರೆ ಮಾತ್ರ ಕರ್ನಲ್, ಮೆಸಾ, ಫರ್ಮ್‌ವೇರ್ (ಕಾರ್ಡ್ ಒಳಗೇ ಓಡುವ ಸಾಫ್ಟ್‌ವೇರ್) ಮೂರೂ ಹೊಸದಿರಬೇಕು. ಇಲ್ಲದಿದ್ದರೆ ಪರದೆ ಕಪ್ಪಾಗಿಯೇ ಉಳಿಯಬಹುದು.

ಒಂದು ಕೊರತೆ ಇದೆ. ಎಎಂಡಿಯ ಓಪನ್ ಸೋರ್ಸ್ ಡ್ರೈವರ್‌ಗೆ ಎಚ್‌ಡಿಎಂಐ 2.1 ಸೇರಿಸಲು 2024ರಲ್ಲಿ ಎಚ್‌ಡಿಎಂಐ ಫೋರಮ್ (ಆ ಕೇಬಲ್ ಮಾನದಂಡವನ್ನು ನೋಡಿಕೊಳ್ಳುವ ಸಂಸ್ಥೆ) ಒಪ್ಪಲಿಲ್ಲ. ಇದು ನಿಜಕ್ಕೂ ಬೇಜಾರಿನ ವಿಷಯ. 4ಕೆ 120 ಹರ್ಟ್ಸ್ ಬೇಕಿದ್ದರೆ ಡಿಸ್‌ಪ್ಲೇಪೋರ್ಟ್ ಇರುವ ಮಾನಿಟರ್ ನೋಡಿ.

ಮಷಿನ್ ಲರ್ನಿಂಗ್ ಮಾಡ್ತೀರಾ? ಹಾಗಿದ್ದರೆ ಎನ್‌ವಿಡಿಯಾನೇ ಸುಲಭ. 2022ರಲ್ಲಿ ಅವರು ಕರ್ನಲ್ ಮಾಡ್ಯೂಲ್‌ಗಳನ್ನು (ಡ್ರೈವರ್‌ನಲ್ಲಿ ಕರ್ನಲ್ ಒಳಗೆ ಸೇರುವ ಭಾಗ) ಓಪನ್ ಸೋರ್ಸ್ ಮಾಡಿದರು. ಆದರೆ ಅವು ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸರಣಿ ಮತ್ತು ಅದರ ನಂತರದವಕ್ಕೆ ಮಾತ್ರ, ಅವುಗಳ ಮೇಲೆ ಕೆಲಸ ಮಾಡುವ ಕ್ಯುಡಾ, ವಲ್ಕನ್ ಭಾಗದ ಕೋಡ್ ಇನ್ನೂ ಮುಚ್ಚಿಯೇ ಇದೆ. ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1060 ಕಡಿಮೆ ಬೆಲೆಗೆ ಸಿಕ್ಕರೂ ಬೇಡ, ಎನ್‌ವಿಡಿಯಾದ 580 ಡ್ರೈವರ್ ಸರಣಿಯೇ ಅದಕ್ಕೆ ಕೊನೆಯದು.