ಹಳೆಯ ವಾಲ್ವ್ ಆಂಪ್ಲಿಫೈಯರಿಗೆ ಯಾವ ಕಂಪನಿಯ ಹೊಸ ವಾಲ್ವ್ ಹಾಕಲಿ?

ಮೊದಲು ಆಂಪ್ಲಿಫೈಯರಿನ ಪ್ಲಗ್ ಕಿತ್ತಿಡಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಒಂದು ಜೊತೆ ಇಎಲ್84 (ಸ್ಪೀಕರಿಗೆ ಶಕ್ತಿ ಕೊಡುವ ಔಟ್‌ಪುಟ್ ವಾಲ್ವ್, ಅಂದರೆ ಗಾಜಿನ ನಿರ್ವಾತ ನಳಿಕೆ), ಅರ್ಧ ಗಂಟೆ ಚೆನ್ನಾಗಿ ಹಾಡಿ ಆಮೇಲೆ ಒಡೆಯುವ ತಗ್ಗು ಸ್ವರಗಳು, ಇನ್ನೊಂದಕ್ಕಿಂತ ಹೆಚ್ಚು ಕಾಯುವ ಒಂದು ವಾಲ್ವ್, ‘ಹಳೆಯ ನಾದ ಕೆಡಬಾರದೆಂದು ಮೂಲ ಕಾಗದದ ಕೆಪಾಸಿಟರ್‌ಗಳನ್ನು ಮುಟ್ಟುವುದಿಲ್ಲ, ವಾಲ್ವ್ ಮಾತ್ರ ಬದಲಿಸುತ್ತೇನೆ’ ಎಂಬ ನಿರ್ಧಾರ. ನೀವು ಬರೆದದ್ದೆಲ್ಲ ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಈಗಾಗಲೇ ಇದೆ. ಅದರ ಮುಂದಿನ ಪುಟದಲ್ಲಿ, ವಾಲ್ವ್‌ಗಳನ್ನು ಸ್ಪೀಕರಿಗೆ ಜೋಡಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ.

ನನ್ನದೂ ಎರಡು ಔಟ್‌ಪುಟ್ ವಾಲ್ವ್‌ಗಳು ಸರದಿಯಂತೆ ದುಡಿಯುವ 1960ರ ದಶಕದ ಪುಷ್‌-ಪುಲ್ ಆಂಪ್ಲಿಫೈಯರ್. ಧ್ವನಿ ಒಡೆಯತೊಡಗಿದಾಗ ಎಲ್ಲರಂತೆ ನಾನೂ ವಾಲ್ವ್‌ಗಳ ಮೇಲೆಯೇ ಅನುಮಾನಪಟ್ಟೆ. ಕಣ್ಣಿಗೆ ಕಾಣುವುದು ಅವೇ, ಬೆಳಗುವುದು ಅವೇ, ಬೆರಳಿಗೆ ಬಿಸಿ ತಾಗುವುದೂ ಅವುಗಳದ್ದೇ. ಅಳತೆ ಹೊಂದಿಸಿದ ಹೊಸ ಜೋಡಿಯೊಂದನ್ನು ತರಿಸಿ ಹಾಕಿದೆ. ಬಹಳ ಚೆನ್ನಾಗಿ ಹಾಡಿತು. ಹಾಗೆ ಹಾಡಿದ್ದೇ ಕೆಟ್ಟದಾಯಿತು; ರೋಗ ವಾಸಿಯಾಯಿತೆಂದು ನಾನು ಚಾಸಿಸ್ಸನ್ನು (ಭಾಗಗಳನ್ನು ಕೂರಿಸಿದ ಲೋಹದ ಚೌಕಟ್ಟು) ಪೆಟ್ಟಿಗೆಯೊಳಗೆ ಮರಳಿಸಿ ತಿರುಪುಗಳನ್ನೂ ಬಿಗಿದುಬಿಟ್ಟೆ.

ಕೆಲವು ವಾರಗಳಲ್ಲಿ ಅದೇ ಒಡಕು ಮರಳಿತು. ದೀಪ ಆರಿಸಿ ಹಿಂದಿನಿಂದ ಇಣುಕಿದರೆ ಒಂದು ವಾಲ್ವಿನ ಬೂದು ಬಣ್ಣದ ಆನೋಡ್ ತಗಡು (ಎಲೆಕ್ಟ್ರಾನ್‌ಗಳು ಬಂದು ಸೇರುವ ಭಾಗ) ಬದಿಯಲ್ಲಿ ಮಂದ ಕೆಂಪಾಗಿ ಕಾದಿತ್ತು. ವಾಲ್ವೇ ಕೆಟ್ಟದ್ದೆಂದುಕೊಂಡು ಎರಡನ್ನೂ ಅದಲುಬದಲು ಮಾಡಿದೆ. ಕೆಂಪು ವಾಲ್ವಿನ ಜೊತೆ ಹೋಗಲಿಲ್ಲ, ಅದೇ ಸಾಕೆಟ್ಟಿನಲ್ಲಿ ಉಳಿಯಿತು. ಅಂದರೆ ದೋಷ ವಾಲ್ವಿನದಲ್ಲ, ಆ ಸಾಕೆಟ್ಟಿಗೆ ಬಂದು ಸೇರುವ ಸರ್ಕಿಟ್ಟಿನದು. ಅಷ್ಟು ತಿಳಿಯುವ ಬುದ್ಧಿ ನನಗಿತ್ತು. ಹಿಂದಿನ ಹಂತದಿಂದ ಆ ವಾಲ್ವಿನ ಗ್ರಿಡ್ಡಿಗೆ (ಅದರ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿ) ಬರುವ ಕಪ್ಲಿಂಗ್ ಕೆಪಾಸಿಟರನ್ನು ಬಿಚ್ಚಿಯೂ ಬಿಚ್ಚಿದೆ. ಮೈಮೇಲೆ 0.1 ಮೈಕ್ರೋಫ್ಯಾರಡ್ ಎಂದಿತ್ತು; ಮಲ್ಟಿಮೀಟರಿನಲ್ಲಿ 0.11 ಎಂದು ಬಂತು. ಓಮ್ ಅಳೆದರೆ ಮೀಟರಿನ ಮಿತಿಯನ್ನೂ ಮೀರಿದ ರೋಧ. ‘ಇಷ್ಟು ವರ್ಷವಾದರೂ ಎಂಥ ತಯಾರಿಕೆ!’ ಎಂದು ಮೆಚ್ಚಿ ಅದನ್ನೇ ಮತ್ತೆ ಬೆಸೆದೆ.

ಟ್ರಾನ್ಸ್‌ಫಾರ್ಮರ್ ಹೋದದ್ದು ಆ ಬೆಸುಗೆಯಿಂದ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನೀವೂ ‘ಕೆಪಾಸಿಟರ್‌ಗಳನ್ನೆಲ್ಲ ಮೀಟರಿನಲ್ಲಿ ನೋಡಿದ್ದೇನೆ, ಸರಿಯಾಗಿವೆ’ ಎಂದು ಬರೆದಿದ್ದೀರಿ.

ಆ ಕೆಪಾಸಿಟರಿನ ಒಂದು ಕಾಲು ಹಿಂದಿನ ವಾಲ್ವಿನ ಆನೋಡಿನಲ್ಲಿದೆ, ಅಲ್ಲಿ 200 ವೋಲ್ಟ್ ಆಸುಪಾಸಿನ ಡಿಸಿ ಇರುತ್ತದೆ. ಇನ್ನೊಂದು ಕಾಲು ಔಟ್‌ಪುಟ್ ವಾಲ್ವಿನ ಗ್ರಿಡ್ಡಿನಲ್ಲಿದೆ, ಅಲ್ಲಿ ಡಿಸಿ ಸೊನ್ನೆ ಇರಬೇಕು. ಸಂಗೀತವನ್ನು ದಾಟಿಸಿ ಡಿಸಿಯನ್ನು ತಡೆಯುವುದಷ್ಟೇ ಅದರ ಕೆಲಸ. ಮೇಣದ ಕಾಗದ ದಶಕಗಳಲ್ಲಿ ತೇವ ಹೀರಿಕೊಂಡು ಸೋರತೊಡಗುತ್ತದೆ. ನನ್ನ ಕೆಪಾಸಿಟರ್ ಬಿಸಿಯಾದಾಗ 20 ಮೆಗಾಓಮ್ ರೆಸಿಸ್ಟರಿನಂತೆ ವರ್ತಿಸುತ್ತಿತ್ತು ಎಂದು ಇಟ್ಟುಕೊಳ್ಳಿ. ಕೇಳಲು ದೊಡ್ಡ ಸಂಖ್ಯೆ. ಆದರೆ ಗ್ರಿಡ್ಡಿನಿಂದ ಚಾಸಿಸ್ಸಿಗೆ ಇರುವ ರೆಸಿಸ್ಟರ್ 470 ಕಿಲೋಓಮ್. ಇವೆರಡರ ನಡುವೆ 200 ವೋಲ್ಟ್ ಹಂಚಿಹೋದರೆ ಗ್ರಿಡ್ಡಿನ ಪಾಲಿಗೆ ಸುಮಾರು 4.6 ವೋಲ್ಟ್ ಧನ ವಿದ್ಯುತ್ ಬರುತ್ತದೆ. ಇಎಲ್84 ಅತಿ ಸೂಕ್ಷ್ಮವಾದ ವಾಲ್ವ್. ಗ್ರಿಡ್ಡಿನ ಒಂದು ವೋಲ್ಟ್ ವ್ಯತ್ಯಾಸಕ್ಕೆ ಅದರ ಕರೆಂಟು ಹತ್ತು ಮಿಲಿಆಂಪಿಯರ್ ಆಸುಪಾಸು ಬದಲಾಗುತ್ತದೆ.

ಮೀಟರ್ ಇದನ್ನೇಕೆ ಹೇಳಲಿಲ್ಲ? ಸಾಮಾನ್ಯ ಮಲ್ಟಿಮೀಟರ್ ತನ್ನ ಪುಟ್ಟ ಬ್ಯಾಟರಿಯಿಂದ ಒಂದೆರಡು ವೋಲ್ಟ್ ಕೊಟ್ಟು ಅಳೆಯುತ್ತದೆ. ಸೋರಿಕೆ ಕಾಣಿಸಿಕೊಳ್ಳುವುದು ನೂರಾರು ವೋಲ್ಟಿನ ಒತ್ತಡದಲ್ಲಿ, ಅದೂ ಕಾದ ಮೇಲೆ. ಖಾಲಿ ಬಿಂದಿಗೆಯನ್ನು ಎತ್ತಿ ನೋಡಿ ಸೋರುವುದಿಲ್ಲ ಎಂದ ಹಾಗಾಯಿತು ನನ್ನ ಪರೀಕ್ಷೆ. ಇನ್ನೊಂದು ವಿಷಯ: ಸೋರುವ ಕಾಗದದ ಕೆಪಾಸಿಟರ್ ಮೀಟರಿನಲ್ಲಿ ಅನೇಕ ಬಾರಿ ಬರೆದದ್ದಕ್ಕಿಂತ ಹೆಚ್ಚು ಮೌಲ್ಯ ತೋರಿಸುತ್ತದೆ. ನಾನು ಮೆಚ್ಚಿದ ಆ 0.11ನ್ನು ನೋಡಿ ಅನುಮಾನಪಡಬೇಕಿತ್ತು.

ಸಾಲದ್ದಕ್ಕೆ ಇನ್ನೊಂದು ಅಳತೆಯೂ ನನ್ನನ್ನು ಮೋಸಗೊಳಿಸಿತು. ನನ್ನ ಆಂಪ್ಲಿಫೈಯರಿನಲ್ಲಿ ಎರಡು ಔಟ್‌ಪುಟ್ ವಾಲ್ವ್‌ಗಳಿಗೂ ಸೇರಿ ಒಂದೇ 130 ಓಮ್ ಕ್ಯಾಥೋಡ್ ರೆಸಿಸ್ಟರ್ (ಕ್ಯಾಥೋಡ್ ಎಂದರೆ ವಾಲ್ವಿನಲ್ಲಿ ಎಲೆಕ್ಟ್ರಾನ್‌ಗಳು ಹೊರಡುವ ಭಾಗ). ಅದರ ಮೇಲೆ 10 ವೋಲ್ಟ್ ಇದ್ದರೆ ಒಟ್ಟು ಕರೆಂಟು ಸುಮಾರು 77 ಮಿಲಿಆಂಪಿಯರ್, ತಲಾ 38ರಷ್ಟು. 300 ವೋಲ್ಟ್ ಸಪ್ಲೈಯಲ್ಲಿ ಒಂದೊಂದು ಆನೋಡಿಗೆ ಸುಮಾರು 10 ವಾಟ್ ಬೀಳುತ್ತದೆ; ಇಎಲ್84ರ ಮಿತಿ 12 ವಾಟ್. ನಾನು ಅಳೆದಾಗ 11 ವೋಲ್ಟ್ ಇತ್ತು. ಒಂದು ವೋಲ್ಟ್ ತಾನೇ ಎಂದು ಬಿಟ್ಟೆ. ರೆಸಿಸ್ಟರ್ ಹೇಳುವುದು ಇಬ್ಬರ ಒಟ್ಟು ಖರ್ಚನ್ನು, ಯಾರು ಎಷ್ಟು ತಿಂದರು ಎನ್ನುವುದನ್ನಲ್ಲ. ಸೋರುವ ಕಡೆಯ ವಾಲ್ವ್ ಹೆಚ್ಚು ಎಳೆದಾಗ ಕ್ಯಾಥೋಡ್ ವೋಲ್ಟೇಜ್ ಏರುತ್ತದೆ, ಆ ಏರಿಕೆ ಆರೋಗ್ಯವಾಗಿರುವ ವಾಲ್ವಿನ ಕರೆಂಟನ್ನು ತಗ್ಗಿಸುತ್ತದೆ. ಹೀಗೆ ಒಬ್ಬ 60 ಮೀರಿ ಎಳೆದು ಇನ್ನೊಬ್ಬ 20ಕ್ಕೆ ಇಳಿದರೂ ಮೊತ್ತ ಹೆಚ್ಚು ಕದಲುವುದಿಲ್ಲ. 60 ಮಿಲಿಆಂಪಿಯರ್ ಎಳೆಯುವ ಆನೋಡ್ ಕೆಂಪಾಗದೆ ಇನ್ನೇನಾದೀತು!

ನಿಮ್ಮ ತಗ್ಗು ಸ್ವರಗಳು ಒಡೆಯುವುದಕ್ಕೂ ಇದೇ ಕಾರಣವಿರಬಹುದು. ಪುಷ್‌-ಪುಲ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳಿನಲ್ಲಿ ಸಾಮಾನ್ಯವಾಗಿ ಗಾಳಿಯ ಸಂದು ಬಿಟ್ಟಿರುವುದಿಲ್ಲ. ಎರಡು ಅರ್ಧಗಳ ಡಿಸಿ ಪರಸ್ಪರ ರದ್ದಾಗುತ್ತದೆ ಎಂಬ ಭರವಸೆಯ ಮೇಲೆಯೇ ಅದನ್ನು ಸುತ್ತಿರುತ್ತಾರೆ. ಸಮತೋಲ ತಪ್ಪಿದರೆ ತಿರುಳು ಒಂದು ಕಡೆಗೆ ಕಾಂತೀಕರಣಗೊಂಡು ತುಂಬಿಹೋಗುತ್ತದೆ. ಮೊದಲು ಕೆಡುವುದು ತಗ್ಗು ಸ್ವರ. ಅರ್ಧ ಗಂಟೆಯ ನಂತರವೇ ಏಕೆ ಎಂದರೆ, ಆ ಹೊತ್ತಿಗೆ ಔಟ್‌ಪುಟ್ ವಾಲ್ವ್‌ಗಳ ಕಾವು ಪಕ್ಕದಲ್ಲಿರುವ ಕೆಪಾಸಿಟರಿಗೆ ಮುಟ್ಟಿರುತ್ತದೆ.

ಪರಿಣಾಮ ನಿಮಗೆ ಗೊತ್ತೇ ಇದೆ. ಒಂದು ಸಂಜೆ ಧ್ವನಿ ನಿಂತಿತು, ವಾರ್ನಿಷ್ ಸುಟ್ಟ ವಾಸನೆ ಬಂತು, ಪ್ರೈಮರಿಯ (ವಾಲ್ವ್ ಕಡೆಯ ಸುರುಳಿ) ಒಂದು ಅರ್ಧ ಕಡಿದುಹೋಗಿತ್ತು. ರಿವೈಂಡ್ ಮಾಡಿಸಿದೆ. ಮೂಲದಲ್ಲಿ ಪ್ರೈಮರಿ ಮತ್ತು ಸ್ಪೀಕರ್ ಕಡೆಯ ಸೆಕೆಂಡರಿಗಳನ್ನು ಪದರ ಪದರವಾಗಿ ಒಂದರೊಳಗೊಂದು ಸೇರಿಸಿ ಸುತ್ತಿದ್ದರು, ರಿವೈಂಡ್ ಮಾಡಿದವರು ಒಂದರ ಮೇಲೊಂದು ನೇರವಾಗಿ ಸುತ್ತಿಕೊಟ್ಟರು. ತಾರದ ಸ್ವರಗಳು ಮಂಕಾದವು. ಮೊದಲ ಸಲ ಜೋಡಿಸಿದಾಗ ಅದು ಕರ್ಕಶವಾಗಿ ಊಳಿಟ್ಟಿತು ಕೂಡ. ಆನೋಡಿನ ಎರಡು ತಂತಿಗಳು ಅದಲುಬದಲಾಗಿ ಫೀಡ್‌ಬ್ಯಾಕ್ (ಔಟ್‌ಪುಟ್ಟಿನಿಂದ ಹಿಂದಿನ ಹಂತಕ್ಕೆ ಮರಳಿಸುವ ಸಂಕೇತ) ತಿರುಗುಮುರುಗಾಗಿತ್ತು. ತಂತಿ ಬದಲಿಸಿದರೆ ಅದು ಸರಿಹೋಗುತ್ತದೆ, ಹೋದ ನಾದ ಮರಳುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಹಳೆಯ ದಾಸ್ತಾನಿನ ಮುಲ್ಲಾರ್ಡ್ ಕಂಪನಿಯ ವಾಲ್ವ್ ಕೊಳ್ಳಲೇ, ಹೊಸ ತಯಾರಿಕೆಯದ್ದನ್ನು ಕೊಳ್ಳಲೇ? ಯಾವುದನ್ನೂ ಕೊಳ್ಳಬೇಡಿ. ಸೋರುವ ಕೆಪಾಸಿಟರಿನ ಮುಂದೆ ಮುಲ್ಲಾರ್ಡನ್ನು ಹಾಕಿದರೆ ಮುಲ್ಲಾರ್ಡೇ ಸುಡುತ್ತದೆ. ‘ಮೂಲ ನಾದ ಹಳೆಯ ಕಾಗದದ ಕೆಪಾಸಿಟರಿನಲ್ಲಿದೆ’ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಅದನ್ನು ಕಾರ್ಖಾನೆಯಲ್ಲಿ ಬೆಸೆದ ದಿನ ಅದು ಸೋರುತ್ತಿರಲಿಲ್ಲ. ಇವತ್ತು ನೀವು ಕೇಳುತ್ತಿರುವುದು ತಯಾರಕರು ಕೇಳಿಸಬೇಕೆಂದಿದ್ದ ನಾದವಲ್ಲ, ಬಯಾಸ್ (ಗ್ರಿಡ್ಡಿನ ಸ್ಥಿರ ವೋಲ್ಟೇಜ್) ತಪ್ಪಿದ ವಾಲ್ವಿನ ನಾದ. ಆ ಪೆಟ್ಟಿಗೆಯಲ್ಲಿ ಮತ್ತೆ ಸಿಗದ ವಸ್ತು ಒಂದೇ, ಅದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಉಳಿದ ಭಾಗಗಳು ಅದನ್ನು ಕಾಪಾಡುವ ಸಲುವಾಗಿ ಬದಲಾಗಬೇಕಾದರೆ ಬದಲಾಗಲಿ.

ಆದ್ದರಿಂದ ಕಾಗದದ ಕಪ್ಲಿಂಗ್ ಕೆಪಾಸಿಟರ್‌ಗಳನ್ನು ಪರೀಕ್ಷೆಯನ್ನೂ ಮಾಡದೆ ಕಿತ್ತುಹಾಕಿ, ಅದೇ ಮೌಲ್ಯದ 630 ವೋಲ್ಟಿನ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಕೆಪಾಸಿಟರ್ ಹಾಕಿ. ಹೆಸರಿರುವ ಯಾವ ತಯಾರಕರದ್ದಾದರೂ ಆದೀತು. ಎಣ್ಣೆಯಲ್ಲಿ ಮುಳುಗಿಸಿದ್ದು, ಬೆಳ್ಳಿಯ ಹಾಳೆಯದ್ದು ಎಂದು ಮಾರುವುದೆಲ್ಲ ಕಿವಿಗಿಂತ ಜೇಬಿಗೆ ಸಂಬಂಧಿಸಿದ ವಿಷಯ. ನಿಮಗೆ ನನ್ನ ಮಾತಿನ ಮೇಲೆ ನಂಬಿಕೆ ಬರದಿದ್ದರೆ ಹೀಗೆ ಮಾಡಿ: ವಿದ್ಯುತ್ ತೆಗೆದು ಕೆಪಾಸಿಟರಿನ ಗ್ರಿಡ್ ಕಡೆಯ ಕಾಲನ್ನು ಬಿಚ್ಚಿ, ಆ ತುದಿಗೂ ಚಾಸಿಸ್ಸಿಗೂ ನಡುವೆ ಮೀಟರನ್ನು ಕ್ಲಿಪ್ಪಿನಿಂದ ಸಿಕ್ಕಿಸಿ, ಡಿಸಿ ವೋಲ್ಟಿಗಿಟ್ಟು, ಆಮೇಲೆ ಆಂಪ್ಲಿಫೈಯರ್ ಹಾಕಿ. ಮೀಟರಿನ ಒಳರೋಧ 10 ಮೆಗಾಓಮ್ ಆಗಿದ್ದರೆ ಒಳ್ಳೆಯ ಕೆಪಾಸಿಟರಿನಲ್ಲಿ ಓದು ಒಮ್ಮೆ ಏರಿ ಸೊನ್ನೆಯತ್ತ ಇಳಿಯುತ್ತದೆ. ಮೇಲೆ ಹೇಳಿದ 20 ಮೆಗಾಓಮ್ ಸೋರಿಕೆ ಇದ್ದರೆ 60 ವೋಲ್ಟಿಗೂ ಮೇಲೆ ನಿಂತುಬಿಡುತ್ತದೆ. ಅದನ್ನು ಕಣ್ಣಾರೆ ಕಂಡ ಮೇಲೆ ಯಾರೂ ಹಳೆಯ ನಾದದ ಮಾತೆತ್ತುವುದಿಲ್ಲ.

ಆದರೆ ಅದಕ್ಕೂ ಮುಂಚೆ ಜೀವ. ಪ್ಲಗ್ ಕಿತ್ತ ಮೇಲೂ ಸಪ್ಲೈಯ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರಿನಲ್ಲಿ 300 ವೋಲ್ಟ್ ಉಳಿದಿರಬಹುದು. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವ ಶೂರತನ ಬೇಡ. 10 ಕಿಲೋಓಮ್, 5 ವಾಟಿನ ರೆಸಿಸ್ಟರಿಗೆ ಚೆನ್ನಾಗಿ ಹೊದಿಕೆಯಿರುವ ತಂತಿ ಬೆಸೆದು ಅದರ ಮೂಲಕ ಇಳಿಸಿ, ಆಮೇಲೆ ಮೀಟರಿನಿಂದ ಖಚಿತಪಡಿಸಿಕೊಳ್ಳಿ. ಮೇನ್ಸಿನಿಂದ ಚಾಸಿಸ್ಸಿಗೆ ಒಂದು ಪುಟ್ಟ ಕೆಪಾಸಿಟರ್ ಹೋಗಿದೆಯೇ ನೋಡಿ. ಅದು ಶಾರ್ಟ್ ಆದರೆ ಚಾಸಿಸ್ಸಿಗೇ ಕರೆಂಟು ಬರುತ್ತದೆ. ಕಿತ್ತು, ಬೇಕೇಬೇಕಿದ್ದರೆ ವೈ ದರ್ಜೆಯ ಸುರಕ್ಷತಾ ಕೆಪಾಸಿಟರ್ ಹಾಕಿ. ಎರಡು ತಂತಿಯ ಕೇಬಲ್ ಇದ್ದು, ಪವರ್ ಟ್ರಾನ್ಸ್‌ಫಾರ್ಮರ್ ಚಾಸಿಸ್ಸನ್ನು ಮೇನ್ಸಿನಿಂದ ಪೂರ್ತಿ ಬೇರ್ಪಡಿಸಿದ್ದರೆ ಮೂರು ತಂತಿಯದ್ದು ಹಾಕಿ ಚಾಸಿಸ್ಸನ್ನು ಅರ್ತ್ ಮಾಡಿ.

ವೇರಿಯಾಕ್‌ನಿಂದ (ಮೇನ್ಸ್ ವೋಲ್ಟೇಜನ್ನು ಬೇಕಾದಂತೆ ಏರಿಳಿಸುವ ಟ್ರಾನ್ಸ್‌ಫಾರ್ಮರ್) ನಿಧಾನವಾಗಿ ವೋಲ್ಟೇಜ್ ಏರಿಸಿದರೆ ಎಲ್ಲವೂ ಸರಿಯಾಗುತ್ತದೆ ಎಂದು ಯಾರೋ ನಿಮಗೆ ಹೇಳಿದ್ದಾರಂತೆ. ಹಾಗೆ ಏರಿಸುವುದರಿಂದ ಚೇತರಿಸಿಕೊಳ್ಳಬಲ್ಲದ್ದು ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಕ್ಸೈಡ್ ಪದರ ಮಾತ್ರ, ಅದೂ ಒಳಗೆ ಒಣಗಿರದಿದ್ದರೆ. ಕಾಗದದ ಸೋರಿಕೆ ಹಾಗೆ ವಾಸಿಯಾಗುವುದಿಲ್ಲ. ಅಲ್ಲದೆ ನಿಮ್ಮದರಲ್ಲಿ ವಾಲ್ವ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಇದೆ. ಕಡಿಮೆ ವೋಲ್ಟೇಜಿನಲ್ಲಿ ಅದರ ಹೀಟರ್ ಕಾಯುವುದೇ ಇಲ್ಲ, ಅಲ್ಲಿಯವರೆಗೆ ಕೆಪಾಸಿಟರಿಗೆ ಏನೂ ತಲುಪುವುದಿಲ್ಲ. ನನ್ನ ಮೆಚ್ಚಿನ ಉಪಕರಣ ಇನ್ನೂ ಸರಳ: ಮೇನ್ಸಿನ ದಾರಿಯಲ್ಲಿ ಸೀರಿಸ್ ಆಗಿ 60 ವಾಟಿನ ಹಳೆಯ ತಂತಿಯ ಬಲ್ಬ್. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗಿ ಆಂಪ್ಲಿಫೈಯರನ್ನು ಉಳಿಸುತ್ತದೆ. ಎಲ್‌ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ. ಸ್ಪೀಕರ್ ಇಲ್ಲದೆ ಮಾತ್ರ ಎಂದೂ ಹಾಕಬೇಡಿ. ಭಾರವಿಲ್ಲದ ಪ್ರೈಮರಿಯಲ್ಲಿ ವೋಲ್ಟೇಜ್ ಚಿಮ್ಮಿ ಅದೇ ಟ್ರಾನ್ಸ್‌ಫಾರ್ಮರ್ ಒಳಗೊಳಗೇ ಕಿಡಿ ಹಾರಿಸುತ್ತದೆ.

ಔಟ್‌ಪುಟ್ ವಾಲ್ವ್‌ಗಳ ಕ್ಯಾಥೋಡುಗಳು ಒಂದೇ ರೆಸಿಸ್ಟರಿಗೆ ಸೇರಿದ್ದರೆ, ಒಂದೊಂದರ ದಾರಿಯಲ್ಲೂ 1 ಓಮ್ ರೆಸಿಸ್ಟರ್ ಹಾಕಿ. ಅದರ ಮೇಲಿನ ಒಂದು ಮಿಲಿವೋಲ್ಟ್ ಅಂದರೆ ಒಂದು ಮಿಲಿಆಂಪಿಯರ್. ಎರಡು ಸಂಖ್ಯೆಗಳು ಹತ್ತಿರ ಬಂದ ಮೇಲೂ ಧ್ವನಿ ಒಡೆದರೆ ಆಗ ವಾಲ್ವ್ ಕೊಳ್ಳುವ ಮಾತಾಡೋಣ. ಬಹುಶಃ ನಿಮ್ಮ ಈಗಿನ ಜೋಡಿಯೇ ಇನ್ನೂ ದುಡಿಯುತ್ತದೆ. ಕಾರ್ಬನ್ ರೆಸಿಸ್ಟರ್‌ಗಳನ್ನೂ ಅಳೆಯಿರಿ, ವಯಸ್ಸಾದಂತೆ ಅವುಗಳ ಮೌಲ್ಯ ಏರುತ್ತದೆ. ಶೇ 20ಕ್ಕಿಂತ ಹೆಚ್ಚು ಏರಿದ್ದನ್ನು ಬದಲಿಸಿ, ಉಳಿದದ್ದನ್ನು ಸುಮ್ಮನೆ ಬಿಡಿ.

ಫಿಲ್ಟರ್ ಎಲೆಕ್ಟ್ರೊಲಿಟಿಕ್ ಬದಲಿಸುವಾಗ ‘ದೊಡ್ಡದಿದ್ದರೆ ಗುಂಯ್ ಸದ್ದು ಕಡಿಮೆ’ ಎಂದು 220 ಮೈಕ್ರೋಫ್ಯಾರಡ್ ತುರುಕಬೇಡಿ. ರೆಕ್ಟಿಫೈಯರ್ ವಾಲ್ವ್ ತಡೆಯುವ ಮೊದಲ ಕೆಪಾಸಿಟರಿಗೆ ಮಿತಿಯಿದೆ: ಇಝಡ್81 ರೆಕ್ಟಿಫೈಯರಿಗೆ 50 ಮೈಕ್ರೋಫ್ಯಾರಡ್, ಜಿಝಡ್34ಕ್ಕೆ 60. ಮೂಲ ಮೌಲ್ಯದ ಹತ್ತಿರವೇ ಇರಿ, ವೋಲ್ಟೇಜ್ ಮಾತ್ರ ಸಮ ಅಥವಾ ಹೆಚ್ಚು ಇರಲಿ. ಚಾಸಿಸ್ ಮೇಲಿನ ಹಳೆಯ ಅಲ್ಯೂಮಿನಿಯಂ ಡಬ್ಬಿ ನೋಡಲು ಚೆಂದವೆಂದು ಉಳಿಸಿಕೊಳ್ಳುವುದಾದರೆ ಉಳಿಸಿಕೊಳ್ಳಿ, ಆದರೆ ಅದರ ತಂತಿಗಳನ್ನು ಪೂರ್ತಿ ಬಿಡಿಸಿ. ಹೊಸದನ್ನು ಹಳೆಯದಕ್ಕೆ ಪ್ಯಾರಲಲ್ ಆಗಿ ಬೆಸೆದರೆ ಹಳೆಯದರ ಸೋರಿಕೆ ಹಾಗೆಯೇ ಉಳಿಯುತ್ತದೆ, ಆ ಡಬ್ಬಿ ಎಂದಾದರೂ ಶಾರ್ಟ್ ಆದರೆ ರೆಕ್ಟಿಫೈಯರನ್ನೂ ಪವರ್ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕರೆದೊಯ್ಯುತ್ತದೆ.