ಹಗಲಿಗೆ ಬಿಸಿಲು, ಸಂಜೆಗೆ ಅಣೆಕಟ್ಟಿನ ನೀರು

ಪ್ರಶ್ನೆ: 2024ರ ಬರದಲ್ಲಿ ಆಫ್ರಿಕಾದ ಜಾಂಬಿಯಾದ ಕರಿಬಾ ಜಲಾಶಯ ತಳ ಕಂಡು, ದಿನದ ಬಹುಪಾಲು ಹೊತ್ತು ಅಲ್ಲಿ ಕರೆಂಟೇ ಇರಲಿಲ್ಲವೆಂದು ಓದಿದೆ. ನೀರನ್ನೇ ನಂಬಿದ ಅಂಥ ದೇಶ ನಮ್ಮ ಪಾವಗಡದಂತೆ ಸೋಲಾರ್ ಪಾರ್ಕ್ ಮಾಡಿಕೊಂಡರೆ ಸಾಕೇ? ರಾತ್ರಿ ಏನು ಗತಿ?
– ಅರ್ಥಶಾಸ್ತ್ರ ಉಪನ್ಯಾಸಕರು, ಮಧುಗಿರಿ

ಉತ್ತರ: ರಾತ್ರಿಗೆ ಅವರ ಹತ್ತಿರ ಅಣೆಕಟ್ಟೇ ಇದೆಯಲ್ಲ! ಸೋಲಾರ್ ಬಂದರೆ ಜಲವಿದ್ಯುತ್ ಬೇಡವಾಗುತ್ತದೆ ಎಂದುಕೊಳ್ಳುವುದು ತಪ್ಪು. ಹಗಲಿನ ಕೆಲಸ ಬಿಸಿಲಿಗೆ ವಹಿಸಿ, ಆ ಹೊತ್ತಿನಲ್ಲಿ ಟರ್ಬೈನಿಗೆ ಬಿಡಬೇಕಿದ್ದ ನೀರನ್ನು ಸಂಜೆಗೂ ಬೇಸಿಗೆಗೂ ಹಿಡಿದಿಟ್ಟುಕೊಳ್ಳುವುದು ಇದರ ಮೊದಲ ಲಾಭ.

ಲೆಕ್ಕ ಹಾಕಿ ನೋಡಿ. ಶರಾವತಿಯಲ್ಲಿ ನೀರು ಸುಮಾರು 440 ಮೀಟರ್ ಎತ್ತರದಿಂದ ಬೀಳುತ್ತದೆ. ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ ಒಂದು ಸಾವಿರ ಲೀಟರ್ ನೀರು ಬೇಕು. ಕರಿಬಾದಲ್ಲಿ ಎತ್ತರ ನೂರು ಮೀಟರಿನ ಒಳಗೇ ಇರುವುದರಿಂದ ಅದೇ ಯೂನಿಟ್ಟಿಗೆ ನಾಲ್ಕೂವರೆ ಸಾವಿರ ಲೀಟರಿನಷ್ಟು ಖರ್ಚಾಗುತ್ತದೆ. ಪಾವಗಡ ಪಾರ್ಕಿನ ಸಾಮರ್ಥ್ಯ 2050 ಮೆಗಾವಾಟ್. ಒಳ್ಳೆಯ ಬಿಸಿಲಿನ ದಿನ ಅಲ್ಲಿಂದ ಒಂದು ಕೋಟಿ ಯೂನಿಟ್ ಬಂತೆಂದು ಹಿಡಿದರೆ, ಶರಾವತಿಯ ಲೆಕ್ಕದಲ್ಲಿ ದಿನಕ್ಕೆ ಮೂರನೇ ಒಂದು ಟಿಎಂಸಿ ನೀರು ಲಿಂಗನಮಕ್ಕಿಯಲ್ಲಿ ಉಳಿದಂತೆ. ಎತ್ತರ ಕಡಿಮೆ ಇರುವ ಅಣೆಕಟ್ಟಿನಲ್ಲಿ ಪ್ರತಿ ಯೂನಿಟ್ ಸೋಲಾರಿಗೆ ಉಳಿಯುವ ನೀರು ಇನ್ನೂ ಜಾಸ್ತಿ. ಅದಕ್ಕೇ ಜಾಂಬಿಯಾದಂಥ ದೇಶಕ್ಕೆ ಇದು ನಮಗಿಂತ ಹೆಚ್ಚು ಉಪಯೋಗದ್ದು.

ಬರದ ವರ್ಷ ಮೋಡ ಕಡಿಮೆ. ನೀರು ಕೈಕೊಟ್ಟ ವರ್ಷ ಬಿಸಿಲು ಕೈಕೊಡುವುದಿಲ್ಲ. ಕರ್ನಾಟಕ ಈ ಪಾಠವನ್ನು ಕಷ್ಟಪಟ್ಟೇ ಕಲಿತಿದ್ದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದಾಗಿನಿಂದ 1985ರಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾಗುವ ತನಕ ನಮ್ಮದೂ ಹೆಚ್ಚುಕಡಿಮೆ ನೀರನ್ನೇ ನಂಬಿದ ರಾಜ್ಯ. ಮುಂಗಾರು ಸರಿಯಾಗಿ ಆಗದಿದ್ದರೆ ಪವರ್ ಕಟ್ ಖಾತ್ರಿ.

ಎಷ್ಟು ಸೋಲಾರ್ ಹಾಕಬಹುದು ಎನ್ನುವುದನ್ನು ಹೀಗೆ ಅಂದಾಜು ಮಾಡಬೇಕು. ದೇಶದ ಹಗಲಿನ ಬೇಡಿಕೆ 2000 ಮೆಗಾವಾಟ್ ಎಂದಿಟ್ಟುಕೊಳ್ಳಿ. ಕೆಳಗಿನ ಊರುಗಳ ಕುಡಿಯುವ ನೀರಿಗೆ, ನೀರಾವರಿಗೆ, ಲೈನಿನ ವೋಲ್ಟೇಜ್ ಕಾಯುವುದಕ್ಕೆ 400 ಮೆಗಾವಾಟಿನಷ್ಟು ಜಲವಿದ್ಯುತ್ ಘಟಕಗಳು ಓಡುತ್ತಲೇ ಇರಬೇಕು ಎಂದಾದರೆ, ಮೋಡದ ಏರಿಳಿತಕ್ಕೆ ಒಂದಿಷ್ಟು ಬಿಟ್ಟು, 1300-1400 ಮೆಗಾವಾಟಿನ ತನಕ ಸೋಲಾರ್ ತೆಗೆದುಕೊಳ್ಳಬಹುದು. ಅದನ್ನು ದಾಟಿದರೆ ಮಧ್ಯಾಹ್ನದ ಕರೆಂಟನ್ನು ಮಾರಬೇಕು, ಕೂಡಿಡಬೇಕು, ಇಲ್ಲವೇ ಪ್ಯಾನಲ್ ಇದ್ದೂ ಬಂದ್ ಮಾಡಬೇಕು. ಮೂರನೆಯದು ಶುದ್ಧ ನಷ್ಟ.

ಸಂಜೆ ಐದರಿಂದ ಆರೂವರೆಯೊಳಗೆ ಸೋಲಾರ್ ಸೊನ್ನೆಗಿಳಿಯುತ್ತದೆ, ಅದೇ ಹೊತ್ತಿಗೆ ಮನೆ ದೀಪಗಳು ಹತ್ತಿಕೊಳ್ಳುತ್ತವೆ. ನಿಂತ ಜಲ ಟರ್ಬೈನ್ ಕೆಲವೇ ನಿಮಿಷದಲ್ಲಿ ಪೂರ್ತಿ ಓಡುತ್ತದೆ. ಆರಿದ ಕಲ್ಲಿದ್ದಲು ಬಾಯ್ಲರ್ ಕಾಯಲು ಗಂಟೆಗಟ್ಟಲೆ ಬೇಕು. ಸೋಲಾರಿಗೆ ಜೊತೆಯಾಗಿ ನೀರಿನಷ್ಟು ಒಳ್ಳೆಯದು ಮತ್ತೊಂದಿಲ್ಲ. ಚೀನಾದಲ್ಲಿ ಹಳದಿ ನದಿಯ ಲೊಂಗ್‌ಯಾಂಗ್‌ಶಿಯಾ ಅಣೆಕಟ್ಟಿನ 1280 ಮೆಗಾವಾಟ್ ಜಲವಿದ್ಯುತ್ತಿಗೆ 850 ಮೆಗಾವಾಟ್ ಸೋಲಾರನ್ನು ಜೋಡಿಸಿ ಎರಡನ್ನೂ ಒಂದೇ ಕೇಂದ್ರದಂತೆ ನಡೆಸುತ್ತಾರೆ. ಮೋಡ ಬಂದು ಸೋಲಾರ್ ಇಳಿದಷ್ಟೂ ನೀರು ಏರುತ್ತದೆ. ಅಣೆಕಟ್ಟಿಗಾಗಿ ಮೊದಲೇ ಎಳೆದ ಹೈ ಟೆನ್ಶನ್ ಲೈನೇ ಎರಡಕ್ಕೂ ಆಗುತ್ತದೆ. ಬಡ ದೇಶಕ್ಕೆ ಇದು ಸಣ್ಣ ಉಳಿತಾಯವಲ್ಲ.

ಎಡವುವುದು ಎಲ್ಲಿ ಎಂದರೆ, ಉಳಿದ ನೀರು ಯಾರದು ಎಂಬ ನಿಯಮವನ್ನು ಮೊದಲೇ ಬರೆದಿಡದೆ ಇದ್ದಲ್ಲಿ. ಹಗಲು ಉಳಿಸಿದ್ದನ್ನು ಅದೇ ರಾತ್ರಿ ಹೊರಗೆ ಮಾರಿಬಿಟ್ಟರೆ ಬರ ಬಂದಾಗ ಜಲಾಶಯ ಮತ್ತೆ ಖಾಲಿ. ಕರಿಬಾವನ್ನು ಜಾಂಬಿಯಾ, ಜಿಂಬಾಬ್ವೆ ಎರಡೂ ಬಳಸುತ್ತವೆ. ಜಾಂಬೆಜಿ ನದಿ ಪ್ರಾಧಿಕಾರ ಇಬ್ಬರಿಗೂ ವರ್ಷದ ನೀರಿನ ಪಾಲು ಹಂಚುತ್ತದೆ. ಒಬ್ಬರು ಉಳಿಸಿದ ನೀರು ಮುಂದಿನ ವರ್ಷವೂ ಅವರ ಲೆಕ್ಕದಲ್ಲೇ ನಿಲ್ಲಬೇಕು, ಇಲ್ಲವಾದರೆ ಉಳಿಸುವ ಉಮೇದೇ ಇರುವುದಿಲ್ಲ. ನೀರಿನ ಮಟ್ಟ ಸಮುದ್ರ ಮಟ್ಟದಿಂದ 475.5 ಮೀಟರಿಗೆ ಇಳಿದರೆ ಅಲ್ಲಿ ಉತ್ಪಾದನೆಯೇ ನಿಲ್ಲಬೇಕು. ಹಾಗಾಗಿ ಪ್ರತಿ ತಿಂಗಳಿಗೂ ಇಷ್ಟು ಮಟ್ಟಕ್ಕಿಂತ ಕೆಳಗಿಳಿಸಕೂಡದು ಎಂಬ ಗೆರೆ ಹಾಕಿಕೊಳ್ಳುವುದು ಪ್ಯಾನಲ್ ಕೊಳ್ಳುವುದಕ್ಕಿಂತ ಮೊದಲಿನ ಕೆಲಸ.

ಇನ್ನೊಂದು ಮಾತು. ನೇಪಾಳದಂತೆ ಹರಿಯುವ ನದಿಗೆ ಹಾಗೇ ಟರ್ಬೈನ್ ಕೂರಿಸಿದ ಕಡೆ ನೀರು ಕೂಡಿಡಲು ಜಾಗವೇ ಇಲ್ಲ. ಹಗಲು ಟರ್ಬೈನ್ ನಿಲ್ಲಿಸಿದರೆ ನೀರು ಸುಮ್ಮನೆ ಹರಿದುಹೋಗುತ್ತದೆ. ಅಲ್ಲಿ ಸೋಲಾರಿನಿಂದ ಲಾಭ, ನದಿ ಸೊರಗುವ ಚಳಿಗಾಲದ ಹಗಲುಗಳಲ್ಲಿ. ರಾತ್ರಿಗೆ ಬ್ಯಾಟರಿ ಬೇಕು, ಇಲ್ಲವೇ ಮಧ್ಯಾಹ್ನ ನೀರನ್ನು ಮೇಲಿನ ಕೊಳಕ್ಕೆ ಎತ್ತಿ ಸಂಜೆ ಇಳಿಸುವ ಪಂಪ್ಡ್ ಸ್ಟೋರೇಜ್ ಬೇಕು. ಎತ್ತಲು ಖರ್ಚಾದ ನೂರು ಯೂನಿಟ್‌ನಲ್ಲಿ ವಾಪಸ್ ಸಿಗುವುದು 75ರಿಂದ 80.

ಪ್ರಶ್ನೆ: 900 ಅಡಿ ಬೋರ್, 700 ಅಡಿಯಲ್ಲಿ ನೀರು. ಕರೆಂಟಿನ ಸಂಪರ್ಕ ಇದೆ. 5 ಎಚ್‌ಪಿ ಸೋಲಾರ್ ಪಂಪ್ ಹಾಕಿಸಲೇ, ಪಂಪ್‌ಸೆಟ್ಟುಗಳಿಗೆ ಕರೆಂಟ್ ತರುವ ಲೈನಿಗೇ (ಫೀಡರಿಗೇ) ಸೋಲಾರ್ ಬರುವ ತನಕ ಕಾಯಲೇ?
– ರೈತರು, ಚಿಂತಾಮಣಿ ತಾಲ್ಲೂಕು

ಉತ್ತರ: ಸಂಪರ್ಕ ಇದ್ದರೆ ಕಾಯಿರಿ. 700 ಅಡಿಯಿಂದ 5 ಎಚ್‌ಪಿ ಪಂಪ್ ಎತ್ತುವುದು ಗಂಟೆಗೆ ಮೂರು ಸಾವಿರ ಲೀಟರಿನ ಆಸುಪಾಸು, ಅದೂ ನೆತ್ತಿ ಬಿಸಿಲಿನಲ್ಲಿ. ಐದು ಗಂಟೆಯ ಒಳ್ಳೆಯ ಬಿಸಿಲು ಎಂದರೂ ದಿನಕ್ಕೆ 15 ಸಾವಿರ ಲೀಟರ್. ಡ್ರಿಪ್ ಇದ್ದರೆ ಸಾಕು, ಕಾಲುವೆಯಲ್ಲಿ ಹಾಯಿಸಲು ಸಾಲದು. ಇದಕ್ಕೆ 5 ಕಿಲೋವಾಟಿನಷ್ಟು ಪ್ಯಾನಲ್ ಬೇಕು. ನಾಳೆ ಬೋರ್ ಬತ್ತಿದರೆ ಪ್ಯಾನಲ್ ಸುಮ್ಮನೆ ನಿಲ್ಲುತ್ತದೆ. ರೈತರ ಪಂಪಿಗೆ ಸೋಲಾರ್ ಕೊಡುವ ಕೇಂದ್ರದ ಕುಸುಮ್ ಯೋಜನೆಯ ಫೀಡರ್ ಸೋಲಾರಿನಲ್ಲಿ ಸಬ್‌ಸ್ಟೇಷನ್ ಹತ್ತಿರದ ಜಮೀನಿನಲ್ಲಿ ಪ್ಯಾನಲ್ ಇರುತ್ತದೆ, ನಿಮಗೆ ಹಗಲಿನಲ್ಲೇ ತ್ರೀಫೇಸ್ ಸಿಗುತ್ತದೆ, ರಾತ್ರಿ ಹಾವು-ಹುಳುವಿನ ಭಯದಲ್ಲಿ ಮೋಟರ್ ಹಾಕಲು ಹೋಗುವುದು ತಪ್ಪುತ್ತದೆ. ಮೇಲಿನ ಉತ್ತರದಲ್ಲಿ ಹೇಳಿದ ನೀರಿನ ಉಳಿತಾಯಕ್ಕೂ ಇದೇ ದಾರಿ, ಏಕೆಂದರೆ ಪಂಪ್‌ಸೆಟ್ಟಿನ ಹೊರೆ ಬಿಸಿಲಿನ ಹೊತ್ತಿಗೆ ಸರಿದಷ್ಟೂ ರಾತ್ರಿ ಅಣೆಕಟ್ಟಿನ ಮೇಲಿನ ಭಾರ ಇಳಿಯುತ್ತದೆ. ಲೈನ್ ಎಳೆಯಲು ದೂರವಾದ ಹೊಸ ಬೋರಿಗೆ ಮಾತ್ರ ಪ್ರತ್ಯೇಕ ಸೋಲಾರ್ ಪಂಪ್ ಸರಿ. ಯಾವುದೇ ಆಗಲಿ, ಅಂತರ್ಜಲ ಇಷ್ಟು ಸೊರಗಿರುವ ನಿಮ್ಮ ಕಡೆ ಬಿಸಿಲು ಪುಕ್ಕಟೆ ಎಂದು ಸಂಜೆವರೆಗೂ ಪಂಪ್ ಓಡಿಸಬೇಡಿ.

ಪ್ರಶ್ನೆ: ಮನೆ ಮೇಲೆ 3 ಕಿಲೋವಾಟ್ ಸೋಲಾರ್ ಇದೆ. ಬೆಸ್ಕಾಂ ಕರೆಂಟ್ ಹೋದರೆ ಸುಡುಬಿಸಿಲಿನಲ್ಲೂ ಅದು ನಿಲ್ಲುತ್ತದೆ. ಕೆಟ್ಟಿದೆಯೇ?
– ಗೃಹಿಣಿ, ತುಮಕೂರು

ಉತ್ತರ: ಕೆಟ್ಟಿಲ್ಲ. ಕಂಬದ ಮೇಲೆ ಲೈನ್‌ಮನ್ ಕೆಲಸ ಮಾಡುವಾಗ ನಿಮ್ಮ ಮನೆಯ ಕರೆಂಟು ಹಿಂದಕ್ಕೆ ಹರಿದು ಅವರ ಜೀವ ತೆಗೆಯಬಾರದೆಂದು ಬೆಸ್ಕಾಂ ಲೈನಿಗೆ ಜೋಡಿಸಿದ (ಆನ್‌ಗ್ರಿಡ್) ಇನ್ವರ್ಟರ್ ತಾನೇ ನಿಲ್ಲುತ್ತದೆ. ಹಾಗೆ ನಿಲ್ಲಲೇಬೇಕು. ಆಗಲೂ ಕರೆಂಟ್ ಬೇಕಿದ್ದರೆ ಹೈಬ್ರಿಡ್ ಇನ್ವರ್ಟರೂ ಬ್ಯಾಟರಿಯೂ ಬೇಕು. ಫ್ಯಾನು, ದೀಪ, ಫ್ರಿಜ್ಜಿಗೆ ಮಾತ್ರ ಬೇರೆ ವೈರಿಂಗ್ ಮಾಡಿಸಿ, ಗೀಸರನ್ನು ಅದಕ್ಕೆ ಸೇರಿಸಬೇಡಿ. ಒಳ್ಳೆಯ ಬಿಸಿಲಿನಲ್ಲಿ ನಿಮಗೆ ದಿನಕ್ಕೆ 12 ಯೂನಿಟ್ ಬರಬೇಕು. ತೀರ ಕಡಿಮೆ ಇದ್ದರೆ ಮೊದಲು ತೆಂಗಿನ ಗರಿಯದೋ ನೀರಿನ ಟ್ಯಾಂಕಿನದೋ ನೆರಳು ಬೀಳುತ್ತದೆಯೇ ನೋಡಿ. ಒಂದು ಪ್ಯಾನಲ್ಲಿಗೆ ಬಿದ್ದ ನೆರಳು ಸಾಲಿನಲ್ಲಿರುವ ಉಳಿದವುಗಳ ಕರೆಂಟನ್ನೂ ಇಳಿಸಬಹುದು. ಆಮೇಲೆ ಧೂಳು. ಬೆಳಗ್ಗೆ ಗಾಜು ತಣ್ಣಗಿರುವಾಗ ಮೆದು ಬಟ್ಟೆಯಲ್ಲಿ ಒರೆಸಿ, ಮಧ್ಯಾಹ್ನದ ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಟ್ಟೀತು.